ನಿಂತ ವಿಮಾನ ಕೊಳ್ಳಬೇಡಿ: 1974ರ ಸೆಸ್ನಾ 172ರ ಜೊತೆ ಒಂಬತ್ತು ವರ್ಷ

ಹಳೆಯ ಸಣ್ಣ ವಿಮಾನಗಳ ಮಾರಾಟದ ಜಾಹೀರಾತುಗಳಲ್ಲಿ ನನಗೆ ಬಹಳ ಸಿಟ್ಟು ತರಿಸುವುದು ‘ಕಡಿಮೆ ಗಂಟೆ ಹಾರಿದ್ದು’ ಎಂಬ ಹೊಗಳಿಕೆ. ಕಾರಿನ ಮೀಟರು ನೋಡಿ ಬೆಲೆ ಕಟ್ಟುವ ಅಭ್ಯಾಸವಿರುವ ನಮಗೆ ಅದು ದೊಡ್ಡ ಗುಣವಾಗಿ ಕಾಣುತ್ತದೆ. ಆದರೆ ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು) ಆಗಿ ಇಪ್ಪತ್ತು ವರ್ಷ ಕಳೆದಿದೆ, ಓಡಿದ್ದು ಬರೀ ನಾನೂರು ಗಂಟೆ ಎಂದರೆ ಏನರ್ಥ? ಉಳಿದ ಕಾಲವೆಲ್ಲ ಆ ವಿಮಾನ ಎಲ್ಲೋ ಒಂದು ಮೂಲೆಯಲ್ಲಿ ನಿಂತಿತ್ತು ಎಂದು. ನಿಂತ ಎಂಜಿನ್ ಒಳಗಿನಿಂದಲೇ ಹಾಳಾಗುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. 2016ರಲ್ಲಿ ಕೊಂಡ ಸೆಸ್ನಾ 172ಎಂ ಎಂಬ ನಾಲ್ಕು ಆಸನದ ಸಣ್ಣ ವಿಮಾನದ ಬಗ್ಗೆ ನಮ್ಮ ಕನ್ನಡ ಕೂಟದ ಗೆಳೆಯರು ವಿಚಾರಿಸುತ್ತಲೇ ಇರುತ್ತಾರೆ. ಅದರ ವೇಗ, ರೆಕ್ಕೆಯ ಅಳತೆ ಮುಂತಾದವು ಎಲ್ಲ ಕಡೆ ಸಿಗುತ್ತವೆ. ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾಗಿರುವ, ಜಗತ್ತಿನಲ್ಲಿ ಬೇರೆ ಯಾವ ವಿಮಾನವೂ ಸರಿಗಟ್ಟದ ಮಾದರಿ ಇದು. ನಾನು ಬರೆಯುವುದು ಅದನ್ನು ಆರಿಸಿಕೊಂಡ ಬಗೆ ಮತ್ತು ಆಮೇಲಿನ ಬಾಳ್ವೆಯನ್ನು.

ಮೊದಲು ತುಕ್ಕಿನ ವಿಷಯ ಮುಗಿಸುತ್ತೇನೆ. ಈ ವರ್ಗದ ಬಹುಪಾಲು ವಿಮಾನಗಳಲ್ಲಿರುವ ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ, ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ ಕೂತಿದೆ. ಎಂಜಿನ್ ನಿಂತ ಮೇಲೆ ಎಣ್ಣೆಯೆಲ್ಲ ತಳಕ್ಕಿಳಿಯುತ್ತದೆ. ಕ್ಯಾಮ್‌ಗೆ ಅಂಟಿದ ತೆಳು ಪದರ ದಿನ ಕಳೆದಂತೆ ಇಳಿದುಹೋಗಿ, ಒಳಗಿನ ತೇವ ಬರಿಯ ಉಕ್ಕಿನ ಮೇಲೆ ಕೂರುತ್ತದೆ. ಸಣ್ಣ ಗುಳಿಗಳು ಬೀಳುತ್ತವೆ. ಮುಂದೆ ಎಂಜಿನ್ ಓಡಿದಾಗ ಆ ಗುಳಿಗಳೇ ಕ್ಯಾಮ್‌ಗೆ ಒತ್ತಿ ನಿಂತ ಟ್ಯಾಪೆಟ್ ಎಂಬ ಬಿಡಿಭಾಗಗಳನ್ನು ಅರೆದು, ಲೋಹದ ಚೂರು ಎಣ್ಣೆಗೆ ಸೇರುತ್ತದೆ. ಇದಕ್ಕೆ ಮದ್ದು ಒಂದೇ: ಹಾರಾಟ. ಮೂವತ್ತು ದಿನಕ್ಕೊಮ್ಮೆಯಾದರೂ ಎಣ್ಣೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ ಒಂದು ಗಂಟೆ ಎಡೆಬಿಡದೆ ಹಾರಿಸಬೇಕು ಎಂದು ತಯಾರಕರೇ ಹೇಳುತ್ತಾರೆ. ನೆಲದ ಮೇಲೆ ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುವುದರಿಂದ ತೇವ ಆವಿಯಾಗುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ.

ಅಮೆರಿಕದಲ್ಲಿ ವಿಮಾನವನ್ನು ಸ್ವಂತ ಹೆಸರಿಗೆ ನೋಂದಾಯಿಸಲು ಪೌರತ್ವ ಇರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರು ಹಾರಲು ಕಲಿಯಬಹುದು, ಅದಕ್ಕೂ ಭದ್ರತಾ ಇಲಾಖೆಯ ಪರಿಶೀಲನೆ ಆಗಬೇಕು. ಆದರೆ ವಿಮಾನ ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ. ಹಾಗಾಗಿ ಗ್ರೀನ್ ಕಾರ್ಡ್ ಬರುವವರೆಗೆ ನನಗೆ ಹುಡುಕಾಡಲು ವರ್ಷಗಟ್ಟಲೆ ಕಾಲಾವಕಾಶವಿತ್ತು. ಯಲಹಂಕದಲ್ಲಿ ಬೆಳೆಯುತ್ತ, ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣದ ಬೇಲಿಯಾಚೆ ಎಚ್‌ಎಎಲ್‌ನ ಪುಷ್ಪಕ್ ಎಂಬ ಪುಟ್ಟ ವಿಮಾನ ಇಳಿಯುವುದನ್ನು ಸೈಕಲ್ ನಿಲ್ಲಿಸಿಕೊಂಡು ನೋಡುತ್ತಿದ್ದವನಿಗೆ ಆ ಕಾಯುವಿಕೆ ಭಾರವೆನಿಸಲಿಲ್ಲ.

ಕಾರ್ಡ್ ಕೈಗೆ ಬಂದ ಮೇಲೆ ನಾನು ಗಂಭೀರವಾಗಿ ನೋಡಿದ ಮೊದಲ ವಿಮಾನ ಪೈಪರ್ ಚೆರೋಕಿ. ಹೊಸ ಬಣ್ಣ, ಚರ್ಮದ ಆಸನ, ಹೊಳೆಯುವ ಪರದೆಗಳು, ಅದೇ ‘ಕಡಿಮೆ ಗಂಟೆ’. ಹಾರಾಟ, ರಿಪೇರಿಗಳನ್ನು ಬರೆದಿಡುವ ಲಾಗ್‌ಬುಕ್ ತಿರುವಿದರೆ ಒಂದು ವಾರ್ಷಿಕ ತಪಾಸಣೆಗೂ ಮುಂದಿನದಕ್ಕೂ ನಡುವೆ ನಾಲ್ಕೈದು ಗಂಟೆ ಹಾರಾಟ, ಕೆಲವು ವರ್ಷ ಅದೂ ಇಲ್ಲ. ನನ್ನ ಖರ್ಚಿನಲ್ಲೇ ಒಂದು ಸಿಲಿಂಡರ್ ಬಿಚ್ಚಿಸಿ ಒಳಗೆ ನೋಡುವುದಾಗಿ ಕೇಳಿದೆ, ಮಾಲೀಕರು ಒಪ್ಪಿದರು. ಕ್ಯಾಮ್‌ನ ಉಬ್ಬುಗಳ ಮೇಲೆ ಕಂದು ಗುಳಿಗಳು ಬರಿಗಣ್ಣಿಗೇ ಕಂಡವು. ಆ ತಪಾಸಣೆಗೆ ಆರುನೂರು ಡಾಲರ್ ಕೊಟ್ಟೆ; ನಾನು ವಿಮಾನಕ್ಕಾಗಿ ಮಾಡಿದ ಖರ್ಚುಗಳಲ್ಲಿ ಅದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಕೊನೆಗೆ ಕೊಂಡ ಸೆಸ್ನಾ ನೋಡಲು ಬಡಕಲಾಗಿತ್ತು. ಬಣ್ಣ ಮಾಸಿತ್ತು, ಒಳಗಿನ ಪ್ಲಾಸ್ಟಿಕ್ ಅಂಚುಗಳು ಸೀಳಿದ್ದವು, ಎಂಜಿನ್ ಓವರ್‌ಹಾಲ್ ಆಗಿ ಸಾವಿರದ ಐನೂರು ಗಂಟೆ ಓಡಿತ್ತು. ಓವರ್‌ಹಾಲ್‌ಗೆ ತಯಾರಕರು ಸೂಚಿಸುವ ಮಿತಿ ಎರಡು ಸಾವಿರ ಗಂಟೆಯಾದ್ದರಿಂದ ಬೇರೆ ಗಿರಾಕಿಗಳು ಹಿಂದೆ ಸರಿದಿದ್ದರು. ಆದರೆ ಲಾಗ್‌ಬುಕ್! ಫ್ರೆಸ್ನೊ ಕಡೆಯ ಒಣ ಹವೆಯಲ್ಲಿ, ಹ್ಯಾಂಗರಿನೊಳಗೆ ಇಟ್ಟುಕೊಂಡಿದ್ದ ಹಿಂದಿನ ಮಾಲೀಕರು ತಿಂಗಳು ತಪ್ಪದೆ ಹಾರಿದ್ದರು, ಮೂರು ನಾಲ್ಕು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿ ದುಂಡು ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಆ ಪುಟಗಳನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು. ಉಳಿದ ಪರೀಕ್ಷೆಗಳನ್ನೂ ಬಿಡಲಿಲ್ಲ: ಮೂಗಿನ ಗಾಲಿ ಜೋರಾಗಿ ನೆಲಕ್ಕೆ ಬಡಿದಿದ್ದರೆ ಎಂಜಿನ್ ಹಿಂದಿನ ಫೈರ್‌ವಾಲ್ ತಗಡು ಕೆಳಗಡೆ ಸುಕ್ಕುಗಟ್ಟಿರುತ್ತದೆ, ಅದನ್ನು ದೀಪ ಹಿಡಿದು ನೋಡಿಸಿದೆ. ಆಸನ ಜಾರುವ ಹಳಿಗಳ ರಂಧ್ರ ಸವೆದಿದ್ದರೆ ಮೇಲೇರುವಾಗ ಪೈಲಟ್‌ನ ಆಸನವೇ ಹಿಂದಕ್ಕೆ ಸರಿದುಬಿಡುತ್ತದೆ; ಅದಕ್ಕೆಂದೇ ಕಡ್ಡಾಯ ತಪಾಸಣೆಯ ಆದೇಶವಿದೆ. ಒಕ್ಲಹೋಮ ಸಿಟಿಯ ನೋಂದಣಿ ಕಚೇರಿಯಿಂದ ಸಾಲ, ದಾವೆ, ಹಳೆಯ ರಿಪೇರಿಗಳ ದಾಖಲೆ ತರಿಸಿದೆ. ಎಲ್ಲ ಸರಿಯಿತ್ತು. ಮೂವತ್ತೆಂಟು ಸಾವಿರ ಡಾಲರ್ ಕೊಟ್ಟೆ. ಹೊಸ 172ರ ಬೆಲೆ ಇಂದು ನಾಲ್ಕು ಲಕ್ಷ ದಾಟಿದೆ.

ಎಂ ಮಾದರಿಯೇ ಏಕೆ ಎಂದರೆ, 1973ರಿಂದ 76ರವರೆಗಿನ ಈ ಮಾದರಿಯಲ್ಲಿರುವುದು 150 ಅಶ್ವಶಕ್ತಿಯ ಓ-320-ಇ2ಡಿ. ಅದರ ನಂತರ ಬಂದ ಎನ್ ಮಾದರಿಗೆ ಹತ್ತು ಅಶ್ವಶಕ್ತಿ ಹೆಚ್ಚು, ಆದರೆ ಅದರ ಎಚ್2ಎಡಿ ಎಂಜಿನ್ ಕ್ಯಾಮ್ ಮತ್ತು ಟ್ಯಾಪೆಟ್ ಸವೆತಕ್ಕೆ ಹೆಸರಾದದ್ದು. ತುಕ್ಕಿಗೆ ಇಷ್ಟು ಹೆದರುವ ನಾನು ಅತ್ತ ಹೋಗಲಿಲ್ಲ. ಇ2ಡಿಯ ಇನ್ನೊಂದು ಗುಣ ಆಮೇಲೆ ಕೈಹಿಡಿಯಿತು. ಅದು ಕಡಿಮೆ ದರ್ಜೆಯ 80 ಆಕ್ಟೇನ್ ಪೆಟ್ರೋಲಿಗೆಂದು ರೂಪಿಸಿದ ಎಂಜಿನ್. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಸಿಗುವ, 100 ಆಕ್ಟೇನಿನ 100ಎಲ್‌ಎಲ್ ಇಂಧನದಲ್ಲಿ ಹಳೆಯ 80ರದಕ್ಕಿಂತ ನಾಲ್ಕು ಪಟ್ಟು ಸೀಸ ಇರಬಹುದು. ಅದು ಕೆಳಗಿನ ಸ್ಪಾರ್ಕ್ ಪ್ಲಗ್‌ಗಳಲ್ಲಿ ಬೂದು ಉಂಡೆಗಳಾಗಿ ಕಟ್ಟಿಕೊಳ್ಳುತ್ತದೆ. ನಮ್ಮ ಊರಿನ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ 2022ರ ಜನವರಿ 1ರಿಂದ ಸೀಸದ ಇಂಧನ ಮಾರುವುದನ್ನೇ ನಿಲ್ಲಿಸಿದರು. ಸುತ್ತಲಿನ ಮನೆಗಳ ಮಕ್ಕಳ ರಕ್ತದಲ್ಲಿನ ಸೀಸದ ಅಧ್ಯಯನ ಆ ನಿರ್ಧಾರಕ್ಕೆ ಕಾರಣ, ಮತ್ತು ಅದು ಸರಿಯಾದ ನಿರ್ಧಾರವೆಂದೇ ನನ್ನ ನಂಬಿಕೆ. 100 ಆಕ್ಟೇನ್ ಬೇಡುವ, ಹೆಚ್ಚು ಒತ್ತಡದ ಎಂಜಿನ್ ಇಟ್ಟುಕೊಂಡವರು ಅಲ್ಲಿ ಪೇಚಾಡಿದರು. ನನ್ನ ವಿಮಾನ ಸೀಸವಿಲ್ಲದ, 94 ಆಕ್ಟೇನಿನ ಯುಎಲ್94 ಹಾಕಿಸಿಕೊಂಡು ಹಾರುತ್ತಿದೆ. ಪ್ಲಗ್ ಬಿಚ್ಚಿದರೆ ಉಂಡೆಗಳಿಲ್ಲ.

ಅಮ್ಮ ಮೈಸೂರಿನಿಂದ ಬಂದಾಗ, ಬಾಗಿಲಿನ ಮೇಲ್ಗಡೆ ರೆಕ್ಕೆ ಇರುವ ಸೆಸ್ನಾದಂಥ ವಿಮಾನದ ಬೆಲೆ ತಿಳಿಯಿತು. ರೆಕ್ಕೆ ಕೆಳಗಿರುವ ಚೆರೋಕಿಗೆ ಬಲಗಡೆ ಒಂದೇ ಬಾಗಿಲು. ರೆಕ್ಕೆಯ ಮೇಲೆ ಕಾಲಿಟ್ಟು ಹತ್ತಿ, ಬಗ್ಗಿ ಒಳಗೆ ಇಳಿಯಬೇಕು. ಎಪ್ಪತ್ತು ದಾಟಿದ, ಸೀರೆ ಉಟ್ಟ ಅಮ್ಮನಿಗೆ ಅದು ಆಗುವ ಮಾತಲ್ಲ. ಸೆಸ್ನಾದ ಎರಡೂ ಬದಿ ಬಾಗಿಲುಗಳಿವೆ. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ರೆಕ್ಕೆಯ ಆಸರೆಯ ಕಂಬ ಹಿಡಿದು ಹತ್ತಿ ಕೂತರು. ನಾವು ಹೋದದ್ದು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ. 680ನೇ ಹೆದ್ದಾರಿಯ ದಟ್ಟಣೆಯಲ್ಲಿ ಹಿಡಿಯುವ ಹೊತ್ತಿನ ಕಾಲುಭಾಗದಲ್ಲಿ, ಕ್ಯಾಲವೆರಾಸ್ ಜಲಾಶಯವನ್ನು ಕೆಳಗೆ ನೋಡುತ್ತ ಇಳಿದೆವು. “ಇಷ್ಟು ಹತ್ತಿರ ಇದ್ದೂ ವಾರಕ್ಕೊಮ್ಮೆ ಬರುವುದಿಲ್ಲವೇನೋ?” ಎಂದು ಅಮ್ಮ ಕೇಳಿದರು. ಅಂದಿನಿಂದ ಎಂಜಿನ್ನಿಗೆ ಬೇಕಾದ ಹಾರಾಟಕ್ಕೆ ಒಂದು ನೆಪ ಸಿಕ್ಕಿತು. ಆದರೆ ನಾಲ್ಕು ಆಸನಗಳಿವೆ ಎಂದು ನಾಲ್ವರು ದಪ್ಪ ಗಂಡಸರನ್ನು ಕೂರಿಸುವ ಯೋಚನೆ ಬೇಡ. ನನ್ನ ವಿಮಾನ ಹೊರಬಲ್ಲ ಹೊರೆ 880 ಪೌಂಡ್. ಟ್ಯಾಂಕಿನ 38 ಗ್ಯಾಲನ್ ಇಂಧನವೇ 228 ಪೌಂಡ್ ತೂಗುತ್ತದೆ. ಉಳಿದದ್ದು ಸುಮಾರು 295 ಕೆಜಿ. ನಾವಿಬ್ಬರು, ಅಮ್ಮ, ಮಗಳು, ಒಂದು ಬುತ್ತಿ ಚೀಲ.

ನನಗೆ ಅನಿರೀಕ್ಷಿತವಾಗಿ ದಕ್ಕಿದ ಸುಖ ಕೈಕೆಲಸದ್ದು. ಬೆಳಗ್ಗೆ ಹೊದಿಕೆ ತೆಗೆದು, ಎರಡೂ ರೆಕ್ಕೆಗಳ ಕೆಳಗಿನಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಇಳಿಸಿ ಆಕಾಶದ ಬೆಳಕಿಗೆ ಹಿಡಿಯುತ್ತೇನೆ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ. ಆಮೇಲೆ ಎಣ್ಣೆಯ ಅಳತೆಕಡ್ಡಿ ಇರುವ ಚಿಕ್ಕ ಬಾಗಿಲು ತೆರೆದು, ಪಕ್ಕದ ಗುಂಡಿ ಎಳೆದು ಇಂಧನದ ಸೋಸುಬಟ್ಟಲಿನ ತಳವನ್ನೂ ಖಾಲಿ ಮಾಡುತ್ತೇನೆ. ಒಳಗೆ ಕೂತ ಮೇಲೆ ಆಸನವನ್ನು ಹಿಂದೆ ಮುಂದೆ ಅಲುಗಾಡಿಸಿ, ಪಿನ್ನು ರಂಧ್ರದಲ್ಲಿ ಕೂತ ಸದ್ದು ಕೇಳಿಸಿಕೊಂಡೇ ಕೀಲಿ ತಿರುಗಿಸುವುದು.

ಎಣ್ಣೆ ಬದಲಿಸುವುದನ್ನು ಪೈಲಟ್ ಆದ ಮಾಲೀಕನೇ ಮಾಡಿ ಲಾಗ್‌ಬುಕ್ಕಿಗೆ ಸಹಿ ಹಾಕಲು ಕಾನೂನು ಬಿಡುತ್ತದೆ. ಐವತ್ತು ಗಂಟೆಗೆ ಅಥವಾ ನಾಲ್ಕು ತಿಂಗಳಿಗೆ, ಯಾವುದು ಮೊದಲೋ ಆಗ. ಎಣ್ಣೆ ಬಿಸಿಯಿರುವಾಗಲೇ ಇಳಿಸಿ, ಧಾರೆಯ ನಡುವಿನಿಂದ ಒಂದು ಸಣ್ಣ ಬಾಟಲಿಗೆ ಹಿಡಿದು, ಅದರಲ್ಲಿ ಬೆರೆತ ಲೋಹ ಅಳೆಯಲು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಫಿಲ್ಟರಿನ ಡಬ್ಬಿಯನ್ನು ಕಟರಿನಿಂದ ಸುತ್ತ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಳಿ ಹಾಳೆಯ ಮೇಲೆ ಹರಡಿ, ಒಂದೊಂದು ಮಡಿಕೆಯ ಮೇಲೂ ಆಯಸ್ಕಾಂತ ಆಡಿಸುತ್ತೇನೆ. ಅಕ್ಕಿ ಆರಿಸುವ ತಾಳ್ಮೆಯ ಕೆಲಸ ಇದು. ಮಗಳು ಟಾರ್ಚ್ ಹಿಡಿಯುತ್ತಾಳೆ. ಆಯಸ್ಕಾಂತಕ್ಕೆ ಏನೂ ಅಂಟದೆ ಹೋದ ಸಂಜೆಯ ನೆಮ್ಮದಿ ದೊಡ್ಡದು.

ಇಷ್ಟೆಲ್ಲ ಜೋಪಾನ ಮಾಡಿದ ಎಂಜಿನ್ 2022ರ ಕೊನೆಯಲ್ಲಿ ನನ್ನ ಕೈ ಮೀರಿ ನಿಂತಿತು. ವಾರ್ಷಿಕ ತಪಾಸಣೆಯಲ್ಲಿ ಒಂದು ಸಿಲಿಂಡರಿನ ಒತ್ತಡ ಬಿದ್ದಿರುವುದು ಕಂಡಿತು. ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು, ಅದು ಆಗುವಂಥದ್ದೇ. ಹೊಸ ಸಿಲಿಂಡರ್ ಬರಲು ತಿಂಗಳುಗಳು ಬೇಕು ಎಂದರು ವರ್ಕ್‌ಶಾಪಿನವರು. ಅಷ್ಟು ಕಾಲ ಎಂಜಿನ್ನಿನೊಳಗೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ, ವಿಮಾನವನ್ನು ಒಳಗಿಡಿ ಎಂದು ಬರವಣಿಗೆಯಲ್ಲಿ ಕೇಳಿಕೊಂಡೆ. ಆಗಲಿ ಎಂದವರು ಎರಡನ್ನೂ ಮಾಡಲಿಲ್ಲ. ಆ ಚಳಿಗಾಲ ಕ್ಯಾಲಿಫೋರ್ನಿಯಾದಲ್ಲಿ ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಒಂದರ ಹಿಂದೊಂದು ಬಿರುಮಳೆ. ನಾನು ನೋಡಲು ಹೋದಾಗ, ಸಿಲಿಂಡರ್ ಬಿಚ್ಚಿದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಟೇಪು ಹಚ್ಚಿ ವಿಮಾನವನ್ನು ಬಯಲಲ್ಲೇ ನಿಲ್ಲಿಸಿದ್ದರು. ಚೆರೋಕಿಯ ಕಂದು ಗುಳಿಗಳು ಕಣ್ಣೆದುರು ಬಂದವು. ಎಣ್ಣೆಯನ್ನು ನಾನೇ ತಂದು, ಅವರ ಎದುರೇ ಸಿಂಪಡಿಸಿದೆ. ಬಿಲ್ಲು ಕೊಟ್ಟು ಬಂದವನು ಆ ವರ್ಕ್‌ಶಾಪಿನತ್ತ ಮತ್ತೆ ತಲೆಹಾಕಿಲ್ಲ. ಹಳೆಯ ವಿಮಾನ ಕೊಳ್ಳುವವರು ಬೆಲೆ ಕೇಳುವ ಮೊದಲೇ ಆ ಊರಿನಲ್ಲಿ ನಂಬಿಕಸ್ಥ ಮೆಕ್ಯಾನಿಕ್ ಇದ್ದಾರೆಯೇ, ಅವರಿಗೆ ಹೊಸ ಗಿರಾಕಿಯನ್ನು ತೆಗೆದುಕೊಳ್ಳಲು ಬಿಡುವಿದೆಯೇ ಎಂದು ಕೇಳಬೇಕು.

ವಿಮಾನ ಮರಳಿದ ಮೇಲಿನ ಮೊದಲ ಎಣ್ಣೆ ವರದಿಯಲ್ಲಿ ಕಬ್ಬಿಣದ ಅಂಶ ಎರಡು ಪಟ್ಟಾಗಿತ್ತು. ಫಿಲ್ಟರಿನಲ್ಲಿ ಚೂರುಗಳಿರಲಿಲ್ಲ. ಎಣ್ಣೆಯನ್ನು ಅರ್ಧ ಅವಧಿಗೇ ಬದಲಿಸುತ್ತ, ವಾರ ತಪ್ಪದೆ ಹಾರಿದೆ. ಮುಂದಿನ ವರದಿಗಳಲ್ಲಿ ಅಂಕಿ ಇಳಿಯುತ್ತ ಬಂದು ಹಳೆಯ ಮಟ್ಟಕ್ಕೆ ನಿಂತಿತು. ಅಷ್ಟರಲ್ಲಿ ನನ್ನ ಕಹಿಯೂ ಇಳಿದಿತ್ತು. ಈಗ ಎಂಜಿನ್ ಎರಡು ಸಾವಿರ ಗಂಟೆಯ ಮಿತಿ ದಾಟಿದೆ. ಬಾಡಿಗೆಗೆ ಬಿಡದ ಖಾಸಗಿ ವಿಮಾನಕ್ಕೆ ಆ ಮಿತಿ ಕಾನೂನಿನ ಕಟ್ಟಳೆಯಲ್ಲ, ಒತ್ತಡ ಮತ್ತು ಎಣ್ಣೆಯ ವರದಿ ಚೆನ್ನಾಗಿರುವವರೆಗೆ ಹಾರಿಸುತ್ತೇನೆ. ಓವರ್‌ಹಾಲ್‌ಗೆ ಮೂವತ್ತು ಸಾವಿರ ಡಾಲರ್ ದಾಟುವ ಅಂದಾಜು ಕೈಯಲ್ಲಿದೆ.

ವಿಮೆ, ನಿಲುಗಡೆ ಬಾಡಿಗೆ, ತಪಾಸಣೆ ಸೇರಿ ಹಾರದೆ ಇದ್ದರೂ ವರ್ಷಕ್ಕೆ ಏಳು ಸಾವಿರ ಡಾಲರ್ ಹೋಗುತ್ತದೆ. ಇಂಧನ ಗಂಟೆಗೆ ಎಂಟು ಗ್ಯಾಲನ್. ಸಂಬಳದ ಮೇಲೆ ಬದುಕುವ ನನಗೆ ಇದು ಹಗುರವಲ್ಲ. ತಿಂಗಳಿಗೆ ಎರಡು ಸಲ ಹಾರಲಾಗದವರು ಬಾಡಿಗೆ ವಿಮಾನ ಹಾರಿಸುವುದೇ ಲೇಸು, ದುಡ್ಡಿಗೂ ಎಂಜಿನ್ನಿಗೂ. ಈ ವರ್ಷ ನಾನು ದಾವಣಗೆರೆ ಕಡೆಯ ಸ್ನೇಹಿತರೊಬ್ಬರಿಗೆ ಅರ್ಧ ಪಾಲು ಕೊಟ್ಟೆ. ಅವರಿಗೆ ಬುಧವಾರ ಬಿಡುವು, ನನಗೆ ಶನಿವಾರ. ವಿಮಾನ ವಾರಕ್ಕೆರಡು ಸಲ ಬಿಸಿಯಾಗುತ್ತದೆ. ಸ್ಥಿರ ಖರ್ಚು ಅರ್ಧರ್ಧ. ಹಾರಿದ ಪ್ರತಿ ಗಂಟೆಗೆ ಇಪ್ಪತ್ತು ಡಾಲರ್ ಓವರ್‌ಹಾಲ್ ಖಾತೆಗೆ ಹಾಕುತ್ತೇವೆ, ಮತ್ತು ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ಆ ವಾರದ ಹಾರಾಟ ಮಾಡಲೇಬೇಕು ಎಂಬ ಷರತ್ತನ್ನು ಒಪ್ಪಂದದ ಮೊದಲ ಸಾಲಿನಲ್ಲೇ ಬರೆದುಕೊಂಡಿದ್ದೇವೆ.