ಹಾಸನದ ಶಾಲೆಗಳಿಗೆ ಎಸ್‌ಡಿಕ್ಯೂ: ಪ್ರಶ್ನಾವಳಿ ಒಳ್ಳೆಯದು, ಎಣಿಸುವಾಗ ಎಚ್ಚರ

ಮಕ್ಕಳ ಮನಸ್ಸನ್ನು ಅಳೆದುಕೊಡುತ್ತೇವೆ ಎಂದು ಶಾಲೆಗಳಿಗೆ ಕಿಟ್ ಮಾರುವವರು ಈಗ ಕಡಿಮೆಯಿಲ್ಲ. ದುಡ್ಡು ಕೊಡುವ ಮೊದಲು ಎಸ್‌ಡಿಕ್ಯೂ (ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವಶ್ಚನೇರ್, ಅಂದರೆ ಮಗುವಿನ ಬಲ ಮತ್ತು ತೊಂದರೆಗಳ ಪ್ರಶ್ನಾವಳಿ) ನೋಡಿ. ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದು, ಕನ್ನಡದಲ್ಲೂ ಸಿಗುತ್ತದೆ. ಲಾಭದ ಉದ್ದೇಶವಿಲ್ಲದವರು ಕಾಗದದ ಪ್ರತಿಯನ್ನು ಡೌನ್‌ಲೋಡ್ ಮಾಡಿ ಜೆರಾಕ್ಸ್ ಹಾಕಿಸಿಕೊಳ್ಳಬಹುದು, ಶುಲ್ಕವಿಲ್ಲ. ಆದರೆ ಪದ ತಿದ್ದುವಂತಿಲ್ಲ, ಅನುಮತಿಯಿಲ್ಲದೆ ಗೂಗಲ್ ಫಾರ್ಮ್ ಮಾಡುವಂತಿಲ್ಲ.

ಇರುವುದು 25 ಹೇಳಿಕೆ. ಭಾವನೆ, ನಡತೆ, ಚಡಪಡಿಕೆ ಮತ್ತು ಗಮನ, ಒಡನಾಡಿಗಳ ಜೊತೆಗಿನ ತೊಂದರೆ, ಇನ್ನೊಬ್ಬರಿಗೆ ನೆರವಾಗುವ ಗುಣ ಎಂಬ ಐದು ವಿಭಾಗಕ್ಕೆ ಐದೈದು. ನಿಜವಲ್ಲ, ಸ್ವಲ್ಪ ನಿಜ, ಪೂರ್ತಿ ನಿಜ ಎಂಬರ್ಥದ ಮೂರು ಕಲಂಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಪೋಷಕರಿಗೆ ಮತ್ತು ಶಿಕ್ಷಕರಿಗೆ ಬೇರೆ ಬೇರೆ ಪ್ರತಿ. 11ರಿಂದ 17 ವರ್ಷದವರು ತಾವೇ ತುಂಬುವ ಪ್ರತಿಯೂ ಇದೆ. ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಎಡವಟ್ಟಾಗುವುದು ಅಂಕ ಹಾಕುವಾಗ. ಕಲಂಗಳಿಗೆ ಕ್ರಮವಾಗಿ 0, 1, 2. ಆದರೆ 7, 11, 14, 21, 25ನೇ ಹೇಳಿಕೆಗಳಿಗೆ ಉಲ್ಟಾ: 2, 1, 0. ಇವು ಹೇಳಿದ ಮಾತು ಕೇಳುವುದು, ಒಬ್ಬನಾದರೂ ಒಳ್ಳೆಯ ಗೆಳೆಯನಿರುವುದು ಇಂಥ ಒಳ್ಳೆಯ ಗುಣಗಳು. ತಿರುಗಿಸಲು ಮರೆತರೆ ಚೆನ್ನಾಗಿರುವ ಮಗುವಿಗೇ 10 ಅಂಕ ಹೆಚ್ಚು ಬೀಳುತ್ತದೆ. ನೆರವಿನ ಗುಣದ ವಿಭಾಗವನ್ನು ಒಟ್ಟು ಮೊತ್ತಕ್ಕೆ ಸೇರಿಸಬಾರದು. ಮೊತ್ತ ಉಳಿದ ನಾಲ್ಕರದ್ದು, 40ಕ್ಕೆ. ಒಂದು ವಿಭಾಗದಲ್ಲಿ ಒಂದೆರಡು ಖಾಲಿ ಬಿಟ್ಟಿದ್ದರೆ, ಮೂರಾದರೂ ತುಂಬಿದ್ದರೆ ಸಾಕು: ಬಂದ ಅಂಕವನ್ನು ತುಂಬಿದ ಹೇಳಿಕೆಗಳ ಸಂಖ್ಯೆಯಿಂದ ಭಾಗಿಸಿ ಐದರಿಂದ ಗುಣಿಸಿ.

ಲೆಕ್ಕ ಸರಿಯಿದ್ದರೂ ಬರೀ ಮೊತ್ತ ನೋಡಿ ಕಡತ ಮುಚ್ಚುವುದು ಇನ್ನೂ ದೊಡ್ಡ ತಪ್ಪು. ಹತ್ತನೇ ತರಗತಿಯ ಹುಡುಗಿಯೊಬ್ಬಳ ಪೋಷಕರ ಪ್ರತಿಯಲ್ಲಿ ಭಾವನೆಗೆ 7, ನಡತೆಗೆ 1, ಗಮನಕ್ಕೆ 2, ಒಡನಾಟಕ್ಕೆ 1 ಬಂತು ಎಂದಿಟ್ಟುಕೊಳ್ಳಿ. ಮೊತ್ತ 11. ಪೋಷಕರ ಪ್ರತಿಯಲ್ಲಿ 13ರವರೆಗೆ ಸಾಮಾನ್ಯ, ಹಾಗಾಗಿ ಅವಳು ಪಟ್ಟಿಯಿಂದ ಹೊರಗೆ. ಆದರೆ ಭಾವನೆಯ ವಿಭಾಗವೊಂದರಲ್ಲೇ 5 ಮುಟ್ಟಿದರೆ ಹೆಚ್ಚು ಎಂದರ್ಥ, 7 ಬಹಳವೇ ಹೆಚ್ಚು. ತಲೆನೋವು ಹೊಟ್ಟೆನೋವಿನ ದೂರು, ಚಿಂತೆ, ಅಳು, ಹೊಸ ಜಾಗದಲ್ಲಿ ಅಳುಕು, ಭಯ: ಆ ಐದೂ ಹೇಳಿಕೆ ಇವೇ. ಟೆಸ್ಟ್ ದಿನ ಹೊಟ್ಟೆನೋವು ಅಂದವಳಿಗೆ ‘ನಾಟಕ’ ಎಂಬ ಉತ್ತರ ಸಿಗುವುದು ಹೊಸತಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು. ಫಲಿತಾಂಶದ ಭಾರ ಯಾರ ಹೆಗಲಿಗೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಜೆರಾಕ್ಸ್ ಮಾಡಿಸುವಾಗ ಹಿಂಬದಿ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಹಿಂಬದಿಯಿರುವ ಪ್ರತಿಯನ್ನೇ ಆರಿಸಿಕೊಳ್ಳಿ ಕೂಡ, ಯಾಕೆಂದರೆ ಮುಂಬದಿ ಮಾತ್ರ ಇರುವ ಆವೃತ್ತಿಯೂ ಉಂಟು. ಈ ತೊಂದರೆಯಿಂದ ಮಗುವಿಗೆ ಎಷ್ಟು ಸಂಕಟ, ಮನೆ, ಗೆಳೆತನ, ಪಾಠ, ಬಿಡುವಿನ ಚಟುವಟಿಕೆಗೆ ಎಷ್ಟು ಅಡ್ಡಿ ಎಂಬುದೆಲ್ಲ ಇರುವುದು ಅಲ್ಲಿ.

ಹೇಳಿಕೆಗಳೆಲ್ಲ ಕಳೆದ ಆರು ತಿಂಗಳ ಅಥವಾ ಈ ಶಾಲಾ ವರ್ಷದ ಕುರಿತು. ಜೂನ್‌ನಲ್ಲಿ ತರಗತಿಗೆ ಬಂದ ಶಿಕ್ಷಕರಿಂದ ಜುಲೈನಲ್ಲೇ ತುಂಬಿಸಿದರೆ ಊಹೆಯೇ ಸಿಗುತ್ತದೆ. ದಸರಾ ರಜೆ ಮುಗಿದ ಮೇಲೆ ಮಾಡಿ. ಓದಲು ಬಾರದ ಪೋಷಕರಿಗೆ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿ, ವಿವರಣೆ ಬೇಡ. ಸಕಲೇಶಪುರದ ಕಡೆ ತೋಟದ ಲೈನ್‌ಮನೆಗಳಿಂದ ಬರುವ ಮಕ್ಕಳ ಪೋಷಕರಿಗೆ ಕನ್ನಡದ ಪ್ರತಿ ಒತ್ತಾಯಿಸಬೇಡಿ. ತಮಿಳು, ಹಿಂದಿಯಲ್ಲೂ ಇದೆ.

ಕೊರತೆಯೂ ಉಂಟು. ಅಂಕದ ಗಡಿಗಳು ಬ್ರಿಟನ್ನಿನ ಮಕ್ಕಳನ್ನು ನೋಡಿ ಹಾಕಿದವು, ಹಾಗಾಗಿ ಪೋಷಕರ ಪ್ರತಿಯ ಮೊತ್ತ 17 ಆದರೆ ‘ಹೆಚ್ಚು’ ಎನ್ನುವ, 16 ಮತ್ತು 17ರ ನಡುವಿನ ಗೆರೆಯನ್ನು ತೀರ್ಪು ಅಂದುಕೊಳ್ಳಬೇಡಿ. ತನಗೇ ಗಾಯ ಮಾಡಿಕೊಳ್ಳುವ ಬಗ್ಗೆ, ಮಾದಕ ವಸ್ತುವಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅಂಥ ಮಾತು ಮಗುವಿನ ಬಾಯಿಂದ ಬಂದರೆ ಅಂಕಕ್ಕೆ ಕಾಯದೆ ಅದೇ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಿಮ್ಸ್‌ನ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಮನೋವೈದ್ಯರ ಹತ್ತಿರ ಕಳಿಸುವುದಾದರೆ ಮೊತ್ತ ಬರೆದ ಚೀಟಿ ಸಾಲದು. ಪೋಷಕರ, ಶಿಕ್ಷಕರ, ಮಗುವಿನ ಮೂರೂ ಪ್ರತಿಗಳನ್ನು ಗುರುತು ಹಾಕಿದ ಹಾಗೇ ಕೊಟ್ಟು ಕಳಿಸಿ.