ಆಸಿಡ್ ಇಲ್ಲದ ಡಬ್ಬದಲ್ಲಿ ರೈಲಿನ ಅಜ್ಜ

ಹಳೆಯ ಕಾಗದಗಳನ್ನು ಕಾಪಾಡಿಡುವ ಡಬ್ಬ-ಫೋಲ್ಡರ್ ಸೆಟ್ ಒಂದಕ್ಕೆ ನನ್ನ ಅಂಕ: ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕಳೆದದ್ದು ಒಂದು ನೀಲಿ ನಕ್ಷೆಗಾಗಿ. ಪೂರ್ತಿ ಒಂದು ಸ್ಟಾರ್ ಹೋದದ್ದು ಜೊತೆಗೆ ಬಂದ ಲೇಬಲ್ ಹಾಳೆಗಾಗಿ.

ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಪಕ್ಕದ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಅವರ ಗಂಡ ರೈಲಿನಲ್ಲಿ ಕೆಲಸ ಮಾಡಿದವರು. 1941ರಲ್ಲಿ ಬ್ರೇಕ್‌ಮನ್ (ಬ್ರೇಕ್ ಹಾಕುವ, ಬೋಗಿ ಜೋಡಿಸುವ ಕೆಲಸದವರು) ಆಗಿ ಸೇರಿ, ಕಂಡಕ್ಟರ್ ಆಗಿ, 1980ರಲ್ಲಿ ನಿವೃತ್ತರಾದರು. ಇಲ್ಲಿ ಕಂಡಕ್ಟರ್ ಅಂದರೆ ಟಿಕೆಟ್ ಹರಿಯುವವರು ಮಾತ್ರ ಅಲ್ಲ, ಗೂಡ್ಸ್ ರೈಲಿನ ಇಡೀ ಜವಾಬ್ದಾರಿ ಅವರದ್ದೇ. ಅಜ್ಜಿಯ ನೆಲಮಾಳಿಗೆಯಲ್ಲಿ ಒಂದು ತಗಡಿನ ಟ್ರಂಕ್, ಆರು ಶೂ ಡಬ್ಬ. "ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ" ಅಂದರು. ನಾನು ಸುಮ್ನೆ ಇರಬೇಕಿತ್ತು. "ನಾನು ಜೋಡಿಸಿ ಕೊಡುತ್ತೇನೆ" ಅಂದುಬಿಟ್ಟೆ.

ಹಾಗೆ ತರಿಸಿದ್ದು ಈ ಸೆಟ್. ಐದು ಇಂಚು ದಪ್ಪದ ಎರಡು ಡಬ್ಬ, ನಲವತ್ತು ಫೋಲ್ಡರ್, ನೂರು ಪಾಲಿಯೆಸ್ಟರ್ ಕವರ್, ಒಂದು ಹಾಳೆ ಲೇಬಲ್. ಒಟ್ಟು 96 ಡಾಲರ್. ಶೂ ಡಬ್ಬ ಬಿಟ್ಟಿಯಾಗಿ ಸಿಗುವಾಗ ಇಷ್ಟು ದುಡ್ಡು ಯಾಕೆ ಅಂತ ನನಗೂ ಅನಿಸಿತ್ತು. ಟ್ರಂಕ್ ತೆಗೆದ ಮೇಲೆ ಅನಿಸಲಿಲ್ಲ. ರಬ್ಬರ್ ಬ್ಯಾಂಡ್‌ಗಳು ಕರಗಿ ಬೆಲ್ಲದ ಪಾಕದ ಹಾಗೆ ಅಂಟಿದ್ದವು. ಪೇಪರ್ ಕ್ಲಿಪ್‌ನ ತುಕ್ಕು ಮೂರು ಹಾಳೆ ದಾಟಿ ಇಳಿದಿತ್ತು. ಪತ್ರಿಕೆಯ ತುಣುಕು ಇಟ್ಟಿದ್ದ ಕಡೆಯೆಲ್ಲ ಅದರ ಅಳತೆಗೆ ಸರಿಯಾಗಿ ಕಂದು ಕಲೆ. ಅಗ್ಗದ ಕಾಗದದಲ್ಲಿರುವ ಆಸಿಡ್ ಪಕ್ಕದ ಹಾಳೆಗೂ ದಾಟುತ್ತದೆ. ಈ ಡಬ್ಬದ ರಟ್ಟಿಗೂ ಫೋಲ್ಡರಿಗೂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಬೆರೆಸಿರುತ್ತಾರೆ, ಅದು ಆ ಆಸಿಡ್ ಅನ್ನು ತಡೆಯುತ್ತದೆ. ಮೂಲೆಗಳಿಗೆ ಲೋಹದ ಪಟ್ಟಿ ಇದೆ. ತುಂಬಿಸಿ ನಿಲ್ಲಿಸಿದರೂ ಬಾಗುವುದಿಲ್ಲ. ಗಟ್ಟಿತನಕ್ಕೆ ಪೂರ್ತಿ ಅಂಕ.

ಕವರ್‌ಗಳೂ ಒಳ್ಳೆಯವೇ. ಅಜ್ಜ ತಮ್ಮ ರೈಲು ಪಾಸ್‌ಗಳನ್ನು ಹಳೆಯ ಪಿವಿಸಿ ಪರ್ಸ್‌ನಲ್ಲಿ ಇಟ್ಟಿದ್ದರು. ಎಳೆದಾಗ ಅಕ್ಷರಗಳು ಕಾರ್ಡ್ ಬಿಟ್ಟು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಬಂದವು. ಪಾಲಿಯೆಸ್ಟರ್‌ನಲ್ಲಿ ಆ ಭಯ ಇಲ್ಲ. ಆದರೆ ಅದಕ್ಕೆ ಸ್ಟ್ಯಾಟಿಕ್ ಕರೆಂಟ್ ಜಾಸ್ತಿ. ಇದು ಗೊತ್ತಾಗಿದ್ದು ಟ್ರೈನ್ ಆರ್ಡರ್‌ಗಳನ್ನು ಹಾಕಲು ಹೋದಾಗ.

ಟ್ರೈನ್ ಆರ್ಡರ್ ಬಗ್ಗೆ ಹೇಳಲೇಬೇಕು. ಒಂಟಿ ಹಳಿಯ ಮೇಲೆ ಯಾವ ರೈಲು ಎಲ್ಲಿ ನಿಂತು ಯಾವುದಕ್ಕೆ ದಾರಿ ಬಿಡಬೇಕು ಅಂತ ರೈಲುಗಳ ಓಡಾಟ ನಿಯಂತ್ರಿಸುವ ಡಿಸ್ಪ್ಯಾಚರ್ ದೂರದಿಂದ ಹೇಳುತ್ತಿದ್ದರು. ಸ್ಟೇಷನ್ನಿನ ಆಪರೇಟರ್ ಅದನ್ನು ಕಾರ್ಬನ್ ಇಟ್ಟು, ಮೊಳೆಯಂಥ ಕಡ್ಡಿಯಿಂದ, ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದದ ಮೇಲೆ ಒತ್ತಿ ಬರೆಯುತ್ತಿದ್ದ. ಆಮೇಲೆ ಉದ್ದ ಕೋಲಿಗೆ ಸಿಕ್ಕಿಸಿ ಮೇಲೆತ್ತಿ ಹಿಡಿಯುತ್ತಿದ್ದ. ರೈಲು ನಿಲ್ಲುತ್ತಿರಲಿಲ್ಲ. ಎಂಜಿನ್ನಿನವರು ಒಂದು ಪ್ರತಿ, ಹಿಂದೆ ಕಬೂಸ್ ಎಂಬ ಕೊನೆಯ ಬೋಗಿಯಲ್ಲಿದ್ದ ಕಂಡಕ್ಟರ್ ಇನ್ನೊಂದು ಪ್ರತಿ ಕೈಚಾಚಿ ಕಿತ್ತುಕೊಳ್ಳಬೇಕು. "19" ಅಂತ ನಂಬರ್ ಇರುವ ಇಂಥ ಹಾಳೆಗಳು ಟ್ರಂಕಿನಲ್ಲಿ ಹತ್ತಾರು ಇದ್ದವು. ಕವರಿನ ಬಾಯಿ ಬಿಡಿಸಿದ್ದೇ ತಡ, ಹಾಳೆ ತಾನಾಗಿ ಹಾರಿ ಒಳಗೆ ಅಂಟಿಕೊಂಡಿತು, ಓರೆಯಾಗಿ. ಬಿಡಿಸಲು ಹೋದರೆ ಹರಿಯುತ್ತದೆ. ಕಾರ್ಬನ್ ಪುಡಿಯೂ ಪ್ಲಾಸ್ಟಿಕ್‌ಗೆ ಬರುತ್ತದೆ. ಇಂಥವಕ್ಕೆ ಕಾಗದದ ಫೋಲ್ಡರ್ರೇ ಸರಿ, ಕವರ್ ಬೇಡ.

ಇನ್ನು ನೀಲಿ ನಕ್ಷೆ. ಅಜ್ಜ ಕೆಲಸ ಮಾಡಿದ, ಗೂಡ್ಸ್ ಬೋಗಿಗಳನ್ನು ವಿಂಗಡಿಸುವ ಕಾನ್ವೇ ಯಾರ್ಡ್‌ನ ಹಳಿಗಳ ಬ್ಲೂಪ್ರಿಂಟ್ ಅದು. ನೀಲಿ ಹಿನ್ನೆಲೆ, ಬಿಳಿ ಗೆರೆ, ಮಡಿಕೆಯಲ್ಲಿ ಗ್ರೀಸ್ ಬೆರಳಚ್ಚು. ಅದನ್ನೂ ಉಳಿದವುಗಳ ಜೊತೆ ಹೊಸ ಫೋಲ್ಡರಿನಲ್ಲಿಟ್ಟೆ. ವಾರದ ನಂತರ ಬೇರೆ ಕಡೆ ಓದಿದಾಗ ಎದೆ ಧಸಕ್ಕೆಂದಿತು. ಬ್ಲೂಪ್ರಿಂಟಿನ ನೀಲಿಗೆ ಕ್ಷಾರ ಆಗಿಬರುವುದಿಲ್ಲ, ಬಣ್ಣ ಹೋಗುತ್ತದೆ. ಬೇರೆ ಕಾಗದವನ್ನು ಕಾಪಾಡುವ ಅದೇ ಕ್ಯಾಲ್ಸಿಯಂ ಇದಕ್ಕೆ ವಿಷ. ತಕ್ಷಣ ತೆಗೆದೆ, ಏನೂ ಆಗಿರಲಿಲ್ಲ. ಆದರೆ ಸೆಟ್ಟಿನ ಜೊತೆ ಬಂದ ಎಂಟು ಪುಟದ ಪುಸ್ತಿಕೆಯಲ್ಲಿ ಇದರ ಒಂದು ಸಾಲೂ ಇಲ್ಲ. ಡಬ್ಬವನ್ನು ಬಿಸಿಲಿಗೆ ಇಡಬೇಡಿ ಅಂತ ಮಾತ್ರ ಮೂರು ಸಲ ಇದೆ.

ಲೇಬಲ್ ಹಾಳೆಯದ್ದು ನಿಜವಾದ ತಕರಾರು. ಚೆನ್ನಾಗಿ ಅಚ್ಚು ಹಾಕಿದ್ದಾರೆ: ಸಂಬಳ, ಪತ್ರಗಳು, ಫೋಟೋ, ಸರ್ಟಿಫಿಕೇಟ್, ಇತರೆ. ನೋಡಿದರೆ ಕೈ ತಾನಾಗಿ ಹಾಗೆಯೇ ವಿಂಗಡಿಸುತ್ತದೆ. ಅಜ್ಜನ ಕಾಗದಗಳು ಟ್ವೈನ್ ದಾರದಲ್ಲಿ ಕಟ್ಟು ಕಟ್ಟಾಗಿದ್ದವು. ನಾನು ದಾರ ಕತ್ತರಿಸಿ, ಎಲ್ಲ ಬಿಡಿಸಿ, ಎರಡು ಸಂಜೆ ಕೂತು ಐದು ಗುಂಪು ಮಾಡಿದೆ. ಎಷ್ಟು ನೀಟಾಗಿತ್ತು ಗೊತ್ತಾ? ಅಜ್ಜಿಗೆ ತೋರಿಸಿದೆ. ಅವರು ಒಂದೊಂದೇ ಫೋಲ್ಡರ್ ತೆಗೆದು ನೋಡಿ, "1957 ಎಲ್ಲಿ?" ಅಂದರು.

ಆಗ ಅರ್ಥವಾಯಿತು. ಆ ಕಟ್ಟುಗಳು ಒಂದೊಂದು ವರ್ಷ. ಆ ವರ್ಷದ ಟೈಮ್ ಬುಕ್, ಅದರ ಸಂಬಳದ ಚೀಟಿಗಳು, ಸೀನಿಯಾರಿಟಿ ಪಟ್ಟಿ, ಯೂನಿಯನ್ ರಸೀತಿ, ಗಡಿಯಾರ ತಪಾಸಣೆಯ ಕಾರ್ಡ್. ರೈಲಿನವರ ಗಡಿಯಾರ ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದಿತ್ತು, ಅದನ್ನು ನೋಡಲು ಇನ್ಸ್‌ಪೆಕ್ಟರ್ ಇರುತ್ತಿದ್ದ. 1891ರಲ್ಲಿ ಓಹಾಯೋದ ಕಿಪ್ಟನ್‌ನಲ್ಲಿ ಗಡಿಯಾರದ ನಾಲ್ಕು ನಿಮಿಷದ ತಪ್ಪಿಗೆ ಎರಡು ರೈಲು ಡಿಕ್ಕಿಯಾದವು ಎನ್ನುತ್ತಾರೆ, ಆಮೇಲೆ ಬಿಗಿಯಾದ ನಿಯಮ ಅದು.

ಟೈಮ್ ಬುಕ್ ಅಂದರೆ ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕ. ತಾರೀಖು, ರೈಲು, ಎಂಜಿನ್ ನಂಬರ್, ಡ್ಯೂಟಿಗೆ ಬಂದ ಹೊತ್ತು, ಬಿಟ್ಟ ಹೊತ್ತು, ಮೈಲಿ. ಗೂಡ್ಸ್‌ನವರಿಗೆ ಆಗ 100 ಮೈಲಿ ಓಡಿದರೆ ಒಂದು ದಿನದ ಸಂಬಳ. ಕಂಪನಿ ಲೆಕ್ಕ ತಪ್ಪಿದರೆ ಜಗಳಕ್ಕೆ ಈ ಪುಸ್ತಕವೇ ಸಾಕ್ಷಿ. ಅದಕ್ಕೇ ಚೀಟಿಯನ್ನೂ ಪುಸ್ತಕವನ್ನೂ ಒಟ್ಟಿಗೆ ಕಟ್ಟಿದ್ದು. ಕೆಲವು ಪುಟದಲ್ಲಿ ಹದಿನಾರು ಗಂಟೆ ಡ್ಯೂಟಿ ಕಾಣುತ್ತದೆ. 1907ರ ಕಾನೂನಿನ ಮಿತಿ ಅಷ್ಟಿತ್ತು, 1970ರ ಸುಮಾರಿಗೆ ಕಡಿಮೆಯಾಯಿತು.

ವರ್ಷಗಳನ್ನು ಮತ್ತೆ ಸಾಲಾಗಿ ಜೋಡಿಸುವಾಗ ಇನ್ನೊಂದು ಕಂಡಿತು. ಡಿಸೆಂಬರ್ 24 ಮತ್ತು 25. 1940ರ ದಶಕ ಪೂರ್ತಿ ಆ ಎರಡು ದಿನ ರೈಲು ನಂಬರ್ ಇದೆ. 50ರ ದಶಕದಲ್ಲೂ ಬಹುಪಾಲು ಇದೆ. 1963ರಲ್ಲಿ ಮೊದಲ ಸಲ ಖಾಲಿ. ಪಕ್ಕದಲ್ಲಿ ಆ ವರ್ಷದ ಸೀನಿಯಾರಿಟಿ ಪಟ್ಟಿ ಇಟ್ಟು ನೋಡಿದರೆ ಅವರ ಹೆಸರು ಮೇಲಿನ ಪುಟಕ್ಕೆ ಬಂದಿದೆ. ಸೇರಿದ ತಾರೀಖಿನ ಪ್ರಕಾರ ಒಳ್ಳೆಯ ಕೆಲಸ ಹಿರಿಯರಿಗೆ, ಹಬ್ಬದ ರಾತ್ರಿ ಕಿರಿಯರಿಗೆ. ಕ್ರಿಸ್‌ಮಸ್ ರಾತ್ರಿ ಮನೆಯಲ್ಲಿರಲು 22 ವರ್ಷ ಬೇಕಾಯಿತು. ಎರಡು ಹಾಳೆ ಬೇರೆ ಬೇರೆ ಫೋಲ್ಡರಿನಲ್ಲಿದ್ದಾಗ ಇದು ನನಗೆ ಕಂಡೇ ಇರಲಿಲ್ಲ.

ಕಾಗದಗಳ ಮೇಲೆ ಅಚ್ಚಾದ ಕಂಪನಿ ಹೆಸರಿನ ಕಥೆಯೂ ಹಾಗೆಯೇ. 1967ರ ತನಕ ಪೆನ್ಸಿಲ್ವೇನಿಯಾ ರೈಲ್‌ರೋಡ್. 1968ರಿಂದ ಪೆನ್ ಸೆಂಟ್ರಲ್, ಅದು 1970ರಲ್ಲೇ ದಿವಾಳಿ. 1976ರ ಏಪ್ರಿಲ್‌ನಿಂದ ಕಾನ್‌ರೇಲ್. ಮೂರು ಕಂಪನಿ, ಅದೇ ಯಾರ್ಡ್, ಅದೇ ಕೈಬರಹ.

ನೀವೂ ಇಂಥದ್ದಕ್ಕೆ ಇಳಿದರೆ ಒಂದು ಎಚ್ಚರಿಕೆ. ಹಳೆಯ ಅಮೆರಿಕನ್ ರೈಲು ಕಾಗದಗಳಲ್ಲಿ ಸೋಷಿಯಲ್ ಸೆಕ್ಯೂರಿಟಿ ನಂಬರ್ (ಸರ್ಕಾರ ಕೊಡುವ ಖಾಸಗಿ ಗುರುತಿನ ಸಂಖ್ಯೆ) ಸಿಕ್ಕಸಿಕ್ಕಲ್ಲಿ ಇರುತ್ತದೆ. ರೈಲಿನವರಿಗೆ 1963ರ ತನಕ ಮೊದಲ ಮೂರಂಕಿ 700ರಿಂದ 728ರವರೆಗಿನ ಬೇರೆಯದೇ ಸರಣಿ ಕೊಡುತ್ತಿದ್ದರು, ಏಳರಿಂದ ಶುರುವಾಗಿದ್ದರೆ ಗುರುತು ಹಿಡಿಯಿರಿ. ಫೋಟೋ ತೆಗೆದು ಎಲ್ಲಿಯಾದರೂ ಹಾಕುವ ಮೊದಲು ಮುಚ್ಚಿ.

ಮತ್ತೆ ಕೊಳ್ಳುತ್ತೀಯಾ ಅಂದರೆ ಡಬ್ಬ, ಫೋಲ್ಡರ್ ಹೌದು. ಕವರ್ ಐವತ್ತು ಸಾಕು. ಬ್ಲೂಪ್ರಿಂಟಿಗೆ ಕ್ಯಾಲ್ಸಿಯಂ ಇಲ್ಲದ ಫೋಲ್ಡರ್ ಬೇರೆ ತರಿಸಿ. ಲೇಬಲ್ ಹಾಳೆ ನೋಡದೆ ಕಸಕ್ಕೆ ಹಾಕಿ. ದಾರ ಕತ್ತರಿಸುವ ಮೊದಲು ಕಟ್ಟಿನ ಫೋಟೋ ತೆಗೆದುಕೊಳ್ಳಿ.

ನಾನು ತೆಗೆಯಲಿಲ್ಲ. ತಾರೀಖು ಇದ್ದದ್ದೆಲ್ಲ ತನ್ನ ವರ್ಷಕ್ಕೆ ಮರಳಿತು. ತಾರೀಖಿಲ್ಲದ ಹನ್ನೊಂದು ಫೋಟೋ, ಹಳಿ ಬದಲಿಸುವ ಸ್ವಿಚ್‌ನ ಬೀಗದ ಒಂದು ಹಿತ್ತಾಳೆ ಕೀ ಉಳಿದಿವೆ. ಅವು ಯಾವ ಕಟ್ಟಿನವು ಅಂತ ಅಜ್ಜಿಗೂ ಹೇಳಲಾಗಲಿಲ್ಲ. ಈಗ ಅವೆಲ್ಲ ಎರಡನೇ ಡಬ್ಬದ ಕೊನೆಯಲ್ಲಿ, "ಇತರೆ" ಲೇಬಲ್ ಅಂಟಿಸಿದ ಫೋಲ್ಡರಿನಲ್ಲಿ ಕೂತಿವೆ.