ಕ್ಯಾಲಿಫೋರ್ನಿಯಾದಲ್ಲಿ ಮಗುವಿಗೆ ಯಾವುದು: ಚಾರ್ಟರ್ ಶಾಲೆಯೋ, ಡಿಸ್ಟ್ರಿಕ್ಟ್ ಶಾಲೆಯೋ?

ಬೇ ಏರಿಯಾಗೆ ಹೊಸದಾಗಿ ಬಂದ ನಮ್ಮವರಲ್ಲಿ ಕೆಲವರು ಚಾರ್ಟರ್ ಎಂದರೆ ಖಾಸಗಿ ಶಾಲೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದಕ್ಕೂ ಫೀಸ್ ಇಲ್ಲ, ಅದೂ ಸರ್ಕಾರದ ದುಡ್ಡಲ್ಲೇ ನಡೆಯುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ನಡೆಸುವುದು ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತ) ಅಲ್ಲ, ಪರವಾನಗಿ ಪಡೆದ ಬೇರೆ ಸಂಸ್ಥೆ. ಈ ರಾಜ್ಯದಲ್ಲಿ ಇದಕ್ಕೆ 1992ರಲ್ಲೇ ಕಾನೂನು ಬಂತು.

ಪ್ರವೇಶದ ವ್ಯತ್ಯಾಸ ಸರಳ. ಡಿಸ್ಟ್ರಿಕ್ಟ್ ತನ್ನ ವ್ಯಾಪ್ತಿಯ ಮಗುವಿಗೆ ಸೀಟು ಕೊಡಲೇಬೇಕು. ಚಾರ್ಟರ್‌ನಲ್ಲಿ ಅರ್ಜಿ ಜಾಸ್ತಿ ಬಂದರೆ ಲಾಟರಿ.

ನಿಜವಾಗಿ ಗಮನಿಸಬೇಕಾದದ್ದು ಹಣದ ಲೆಕ್ಕ. ಎರಡಕ್ಕೂ ರಾಜ್ಯ ಕೊಡುವ ಮುಖ್ಯ ಅನುದಾನ ನಿಂತಿರುವುದು ಮಕ್ಕಳ ದಿನದ ಸರಾಸರಿ ಹಾಜರಾತಿ ಮೇಲೆ. ಮಕ್ಕಳು ಕಡಿಮೆಯಾದರೆ ಡಿಸ್ಟ್ರಿಕ್ಟ್ ಹಿಂದಿನ ವರ್ಷಗಳ ಹಾಜರಾತಿ ತೋರಿಸಿ ಸ್ವಲ್ಪ ಕಾಲ ಸಾವರಿಸಿಕೊಳ್ಳಬಹುದು. ಚಾರ್ಟರ್‌ಗೆ ಆ ವರ್ಷದ ಲೆಕ್ಕ ಮಾತ್ರ. ಸಣ್ಣ ಚಾರ್ಟರ್‌ಗೆ ಏಟು ತಕ್ಷಣ ಬೀಳುತ್ತದೆ.

ಡಿಸ್ಟ್ರಿಕ್ಟ್ ಕಷ್ಟವೂ ಸುಳ್ಳಲ್ಲ. ಹತ್ತು ಮಕ್ಕಳು ಬಿಟ್ಟು ಚಾರ್ಟರ್‌ಗೆ ಹೋದರೂ ಕಟ್ಟಡದ ಖರ್ಚು, ಮೇಷ್ಟ್ರ ಸಂಬಳ ಹಾಗೇ ಇರುತ್ತದೆ ಅಲ್ವಾ? ಅದಕ್ಕೇ 2019ರ ಎಬಿ 1505 ಕಾನೂನು ಬಂತು. ಹೊಸ ಚಾರ್ಟರ್‌ಗೆ ಅನುಮತಿ ಕೊಡುವ ಮುನ್ನ ಡಿಸ್ಟ್ರಿಕ್ಟ್ ತನ್ನ ಹಣಕಾಸಿನ ಮೇಲಾಗುವ ಪರಿಣಾಮ ನೋಡಬಹುದು. ನನಗೆ ಇದು ನ್ಯಾಯವೆನಿಸುತ್ತದೆ. ಉಳಿದ ಮಕ್ಕಳ ತರಗತಿ ಬಡವಾಗಬಾರದು.

ಪುಟ್ಟ ಮಗುವಾದರೆ, ಹತ್ತಿರದ ಡಿಸ್ಟ್ರಿಕ್ಟ್ ಶಾಲೆ ಚೆನ್ನಾಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಬೇರೆ ಬಗೆಯ ಕಲಿಕೆ ಬೇಕೇ ಬೇಕು ಎನ್ನುವವರಿಗೆ ಚಾರ್ಟರ್ ಒಳ್ಳೆಯದು. ಆದರೆ ಅದರ ಪರವಾನಗಿ ಯಾವಾಗ ನವೀಕರಣಕ್ಕೆ ಬರುತ್ತದೆ, ಮಕ್ಕಳ ಸಂಖ್ಯೆ ಇಳಿಯುತ್ತಿದೆಯೇ, ಶಾಲಾ ಬಸ್ ಇದೆಯೇ ಎಂದು ಕೇಳಿಯೇ ಅರ್ಜಿ ಹಾಕಿ.